ಎಲ್ಲರ ಕೋಟು

"ರೀ, ಕತ್ತಿನ ಹಿಂದೆ ಯಾರೋ ಬಿಸಿ ಬಳೆ ಒತ್ತಿದ ಹಾಗಿದೆಯಲ್ಲ," ಎಂದಳು ಹೆಂಡತಿ, ಗುಮಾಸ್ತರ ಕಾಲರು ಸರಿಮಾಡುತ್ತ.

ಅತ್ತೆ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. "ಹುಳುಕಡ್ಡಿ ಕಣೇ. ಅಳಿಯಂದಿರ ಟವಲ್ಲು ಬೇರೆ ಇಡು. ದಿಂಬೂ ಬೇರೆ ಇಡು." ಸ್ವಲ್ಪ ಯೋಚಿಸಿ, "ಅವರನ್ನೂ ಬೇರೆ ಇಡು," ಎಂದರು.

ಬರಬಾರದ ದಿನವೇ ಬಂದಿತ್ತು ಈ ಹಾಳು ರೋಗ. ಹೆಡ್ ಗುಮಾಸ್ತರ ಹುದ್ದೆ ಯಾರಿಗೆಂದು ಸಾಹೇಬರು ಹೇಳುವುದು ಅವತ್ತೇ. ಸಾಹೇಬರದೊಂದು ಹಟ, ಕೋಟಿಲ್ಲದವನು ಅವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಕಚೇರಿಯವರೆಲ್ಲ ಸೇರಿ ಒಂದು ಕರಿಕೋಟು ಹೊಲಿಸಿ ಬಾಗಿಲ ಹಿಂದೆ ನೇತುಹಾಕಿದ್ದರು. ಕರೆ ಬಂದವರು ತೊಟ್ಟು ಒಳಗೆ ಹೋಗುವುದು, ಬಂದು ಬಿಚ್ಚಿ ಅಲ್ಲೇ ನೇತುಹಾಕುವುದು. ಅದನ್ನು ಒಗೆದ ನೆನಪು ಯಾರಿಗೂ ಇರಲಿಲ್ಲ.

ಕಚೇರಿಯಲ್ಲಿ ಕತ್ತು ಬಗ್ಗಿಸಿದ್ದೇ ತಪ್ಪಾಯಿತು. "ಏನ್ ಸ್ವಾಮಿ ಇದು?" ಎಂದು ಟೈಪಿಸ್ಟಮ್ಮ ಕುರ್ಚಿ ಹಿಂದಕ್ಕೆಳೆದುಕೊಂಡರು. ಹುಳುಕಡ್ಡಿ ಹಾರಿ ಬರುತ್ತದೇನೋ ಎಂಬಂತೆ ಕ್ಯಾಷಿಯರು ಮೂಗಿಗೆ ಕರವಸ್ತ್ರ ಹಿಡಿದರು. ಜವಾನ ಗುಮಾಸ್ತರ ಮೇಜನ್ನು ಎಳೆದುಕೊಂಡು ಹೋಗಿ ಮೆಟ್ಟಿಲ ಕೆಳಗಿಟ್ಟ.

"ಕೋಟು ಮಾತ್ರ ಮುಟ್ಟಬೇಡಿ. ನಾವೆಲ್ಲ ಸಂಸಾರಸ್ಥರು," ಎಂದರು ಕ್ಯಾಷಿಯರು.

ಕೋಟಿಲ್ಲದೆ ಹುದ್ದೆ ಎಲ್ಲಿಂದ ಬರಬೇಕು? ಗುಮಾಸ್ತರಿಗೆ ಅಳುವೇ ಬಂತು. ಎದುರಿನ ಔಷಧಿ ಅಂಗಡಿಗೆ ಓಡಿದರು.

"ಹೆಸರಿಗೆ ಹುಳು ಅಷ್ಟೇ, ಹುಳ ಗಿಳ ಏನಿಲ್ಲ," ಎಂದ ಅಂಗಡಿಯವ, ಮುಲಾಮು ಹುಡುಕುತ್ತ. "ಬೂಷ್ಟು ಕಣ್ರೀ. ಹಳೇ ಬ್ರೆಡ್ಡಿಗೆ ಬರಲ್ವಾ, ಅದರ ಜಾತೀದು. ಬೆವರಿದ ಬಟ್ಟೇಲಿ ಕೂತಿರುತ್ತೆ. ಬೇರೆಯವರ ಬಟ್ಟೆ ಏನಾದ್ರೂ ಹಾಕ್ಕೊಂಡಿದ್ರಾ?"

ಗುಮಾಸ್ತರಿಗೆ ಬಾಗಿಲ ಹಿಂದಿನ ಕರಿಕೋಟು ನೆನಪಾಯಿತು. ಆಮೇಲೆ ಮುಲಾಮು ತೆಗೆದುಕೊಳ್ಳುವುದನ್ನೂ ಮರೆತು ಕಚೇರಿಗೆ ಓಡಿದರು.

"ಇದು ನನಗೆ ಹತ್ತಿದ್ದೇ ಆ ಕೋಟಿನಿಂದ. ನೀವೂ ಹಾಕ್ಕೊಂಡಿದ್ದೀರಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಎಲ್ಲರ ಕೈಯೂ ಕತ್ತಿಗೆ ಹೋಯಿತು. ಆ ಸೆಕೆಯಲ್ಲೂ ಟೈಪಿಸ್ಟಮ್ಮ ಸುತ್ತಿಕೊಂಡಿದ್ದ ಸ್ಕಾರ್ಫು ಜಾರಿತು, ಕ್ಯಾಷಿಯರು ಗಂಟಲವರೆಗೆ ಬಿಗಿದಿದ್ದ ಗುಂಡಿ ಬಿಚ್ಚಿಕೊಂಡಿತು. ಒಬ್ಬೊಬ್ಬರ ಕತ್ತಲ್ಲೂ ಒಂದೊಂದು ಬಳೆ.

"ಹೇಳಿದ್ರೆ ನಮ್ಮ ಮೇಜೂ ಮೆಟ್ಟಿಲ ಕೆಳಗೆ ಹೋಗ್ತಿತ್ತು," ಎಂದರು ಕ್ಯಾಷಿಯರು ನೆಲ ನೋಡುತ್ತ. ಜವಾನ ಕೋಟನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಹಿಂದಿನ ಅಂಗಳದಲ್ಲಿ ಸುಟ್ಟ.

ಅಷ್ಟರಲ್ಲಿ ಸಾಹೇಬರ ಬೆಲ್ಲು ಕೇಳಿಸಿತು. ಗುಮಾಸ್ತರು ದೇವರ ಮೇಲೆ ಭಾರ ಹಾಕಿ ಬರೀ ಅಂಗಿಯಲ್ಲೇ ಒಳಗೆ ಹೋದರು.

"ಕೋಟೆಲ್ಲಿ?" ಎಂದರು ಸಾಹೇಬರು.

ಗುಮಾಸ್ತರು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿಬಿಟ್ಟರು. ಸಾಹೇಬರು ಪೆನ್ನು ಕೆಳಗಿಟ್ಟರು.

"ಇಷ್ಟು ಜನರಲ್ಲಿ ಬಾಯಿಬಿಟ್ಟವರು ನೀವೊಬ್ಬರೇ. ಹೆಡ್ ಗುಮಾಸ್ತರು ನೀವೇ." ಹಾಗೆಂದು ಎದ್ದು ಬಂದು, ತಾವು ತೊಟ್ಟಿದ್ದ ಕೋಟನ್ನೇ ಬಿಚ್ಚಿ ಗುಮಾಸ್ತರಿಗೆ ತೊಡಿಸಿ, ಕಾಲರನ್ನು ಕತ್ತಿಗೆ ಒತ್ತಿ ಸರಿಮಾಡಿದರು. "ಇನ್ನು ಮೇಲೆ ಇದು ನಿಮ್ಮದು. ದಿನಾ ಇದನ್ನೇ ಹಾಕ್ಕೊಂಡು ಬರಬೇಕು."

ಗುಮಾಸ್ತರ ಕಣ್ಣು ತುಂಬಿ ಬಂತು. ಕೋಟು ಇನ್ನೂ ಬೆಚ್ಚಗಿತ್ತು, ಸ್ವಲ್ಪ ಒದ್ದೆಯೂ ಇತ್ತು. ಸಾಹೇಬರು ಕಿಟಕಿಯತ್ತ ತಿರುಗಿ, "ಅಬ್ಬ, ಈಗ ಗಾಳಿ ಆಡ್ತು ನೋಡಿ," ಎನ್ನುತ್ತ ಎರಡೂ ಕೈಯಿಂದ ಕತ್ತಿನ ಹಿಂಭಾಗವನ್ನು ಪರಪರ ಕೆರೆದುಕೊಂಡರು. ಅಲ್ಲಿ ಇಡೀ ಬಳೆ ಅಂಗಡಿಯೇ ಇತ್ತು.