ಕುಕ್ಕರ್ ಮುಚ್ಚಳದ ಯಂತ್ರ

ಎಲ್ಲ ರಗಳೆಗೂ ಮೂಲ ಒಂದು ಸಡಿಲ ವೈರು. ಹಿಂದಿನ ದಿನವೇ ಅದಕ್ಕೊಂದು ಬೆಸುಗೆ ಹಾಕಿದ್ದರೆ ಸುಬ್ರಮಣಿ ಒಂಬತ್ತೂವರೆಯ ಬಸ್ಸು ಹತ್ತಿ, ಹತ್ತೂವರೆಗೆಲ್ಲ ಕೋಲಾರದಲ್ಲಿ ಇಳಿದು, ನಲವತ್ತೆರಡು ವರ್ಷದ ಬಾಳಿನಲ್ಲಿ ಮೊದಲ ಸಲ ಕಲಾವಿದ ಅನ್ನಿಸಿಕೊಳ್ಳುತ್ತಿದ್ದ. ಬೆಸುಗೆ ಹಾಕುವ ಸೀಸ ಮುಗಿದುಹೋಗಿತ್ತು. ಹಾಳಾಗಿ ಹೋಗಲಿ ಎಂದು ಟೇಪು ಸುತ್ತಿ ಮಲಗಿದ.

ತನ್ನೂರು ದೇವರಾಯಸಮುದ್ರದಿಂದ ಎರಡು ಸ್ಟಾಪ್ ಆಚೆ ಇರುವ ಊರಿನ ಹೈಸ್ಕೂಲಿನಲ್ಲಿ ಅವನು ಗುಮಾಸ್ತ. ಅದು ಹೊಟ್ಟೆಪಾಡು. ಅವನ ಜೀವವೆಲ್ಲ ಇದ್ದದ್ದು ಮುಳಬಾಗಿಲಿನ ಗುಜರಿ ಅಂಗಡಿಗಳಲ್ಲಿ. ಕೆಟ್ಟ ಮಿಕ್ಸಿ, ಸುಟ್ಟ ಚಾರ್ಜರ್, ಒಡೆದ ರಿಮೋಟು, ಗಣಪತಿ ಪೆಂಡಾಲಿನಲ್ಲಿ ಉಳಿದ ಸೀರಿಯಲ್ ಸೆಟ್ಟು, ಇವನ್ನೆಲ್ಲ ತಂದು ಅವನು ಅಂತರಿಕ್ಷಯಾನಿಗಳ ಸಾಮಾನು ಮಾಡುತ್ತಿದ್ದ. ಮುಂದಿನ ಶತಮಾನದ ಬಂದೂಕು, ಬೇರೆ ಗ್ರಹದ ಜೊತೆ ಮಾತಾಡುವ ಪೆಟ್ಟಿಗೆ, ಹೀಗೆ. ಒಂದೂ ಕೆಲಸ ಮಾಡುತ್ತಿರಲಿಲ್ಲ. ಮಾಡಬೇಕೆಂಬ ಉದ್ದೇಶವೇ ಇರಲಿಲ್ಲ. ನೋಡಿದವರು ಒಂದು ಗಳಿಗೆ ನಿಜವೆಂದು ನಂಬಿ, ಆಮೇಲೆ ಸುಳ್ಳೆಂದು ತಿಳಿದು, "ಎಷ್ಟು ಚೆನ್ನಾಗಿ ಮಾಡಿದ್ದೀಯಪ್ಪ" ಅನ್ನಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಇಪ್ಪತ್ತು ವರ್ಷದಲ್ಲಿ ಊರಿನ ಒಬ್ಬನೇ ಒಬ್ಬನೂ ಆ ಮಾತು ಅಂದಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ, "ಇದರಿಂದ ಏನು ಉಪಯೋಗ?" ದೇವಸ್ಥಾನದ ಗೋಡೆಯ ಮೇಲಿನ ಚಿತ್ರ ನೋಡಿ ಯಾರಾದರೂ ಹಾಗೆ ಕೇಳುತ್ತಾರೆಯೇ? ಸುಬ್ರಮಣಿಯನ್ನು ಮಾತ್ರ ಕೇಳುತ್ತಾರೆ.

ಕೊನೆಗೆ ಕೇಳದವನೊಬ್ಬ ಸಿಕ್ಕಿದ. ಕೋಲಾರದ ತೌಹೀದ್. ಮದುವೆ ವಿಡಿಯೊ ತೆಗೆಯುವ ಹುಡುಗ, ಆದರೆ ಮನಸ್ಸೆಲ್ಲ ಸಿನಿಮಾದಲ್ಲಿ. ಕೆಂಪು ಗ್ರಹಕ್ಕೆ ಹೋಗಿ ಜೀವಿಗಳನ್ನು ಹುಡುಕುವ ಯಾತ್ರಿಯ ಮೇಲೆ ಇಪ್ಪತ್ತು ನಿಮಿಷದ ಚಿತ್ರ ತೆಗೆಯುತ್ತಿದ್ದ. ಸುಬ್ರಮಣಿ ಕಳಿಸಿದ ಫೋಟೊ ನೋಡಿ, "ಸಾರ್, ನೀವು ಆರ್ಟಿಸ್ಟು" ಅಂದಿದ್ದ. ಪರದೆಯ ಮೇಲೆ "ಯಂತ್ರ ವಿನ್ಯಾಸ: ಸುಬ್ರಮಣಿ" ಎಂದು ಹಾಕುತ್ತೇನೆಂದು ಮಾತು ಕೊಟ್ಟಿದ್ದ. ಅಂತರಗಂಗೆ ಬೆಟ್ಟದ ಬಂಡೆಗಳ ನಡುವೆ ಇವತ್ತು ಹನ್ನೊಂದಕ್ಕೆ ಚಿತ್ರೀಕರಣ. ಸುಬ್ರಮಣಿ ಸ್ಕೂಲಿಗೆ ರಜೆ ಹಾಕಿದ್ದ.

ಯಂತ್ರ ನಿಜಕ್ಕೂ ಸೊಗಸಾಗಿತ್ತು. ಹೆಂಡತಿ ಸಹನಳ ಹಳೇ ಕುಕ್ಕರ್ ಮುಚ್ಚಳವೇ ಅದರ ಮುಖ. ಸುತ್ತ ನೀಲಿ ದೀಪಗಳು ಓಡುತ್ತಿದ್ದವು. ವಿಷಲ್ ಇದ್ದ ಕಡೆ ಒಂದು ಕೆಂಪು ಬಲ್ಬು. ಹಿಂದೆ, ಟೆಂಪೊ ರಿವರ್ಸ್ ತೆಗೆಯುವಾಗ ಕಿರುಚುತ್ತದಲ್ಲ, ಆ ಬಜರು. ಹಿಡಿಯುವುದಕ್ಕೆ ಹೇರ್ ಡ್ರೈಯರಿನ ಹಿಡಿ. ಅದನ್ನು ಎದೆಗವಚಿಕೊಂಡು ಸುಬ್ರಮಣಿ ಮನೆಯಿಂದ ಹೊರಟ.

ಪಕ್ಕದ ಸೈಟು ಶ್ರೀನಿವಾಸಪ್ಪನದು. ರಿಟೈರಾದ ಮೇಷ್ಟ್ರು, ಮನೆ ಕಟ್ಟಲು ಹೊರಟಿದ್ದ. ಅವತ್ತು ಬೆಳಿಗ್ಗೆಯೇ ಬೋರ್‌ವೆಲ್ ಲಾರಿ ಬಂದು ನಿಂತಿತ್ತು. ಆದರೆ ಪಾಯಿಂಟ್ ನೋಡುವವನು ಬಂದಿರಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ಅದು ಎದ್ದು ನಿಂತ ಕಡೆ ನೀರಿದೆ ಎಂದು ಹೇಳುವ ಆ ಮಹಾಶಯ ಶ್ರೀನಿವಾಸಪುರದಲ್ಲಿ ಮದುವೆಯೆಂದು ಹೋಗಿ ಫೋನ್ ಆಫ್ ಮಾಡಿಕೊಂಡಿದ್ದ. ಸಾವಿರದ ನಾನ್ನೂರು ಅಡಿ ಕೊರೆದರೂ ಧೂಳು ಬರುವ ಸೀಮೆ ಇದು. ಪಾಯಿಂಟ್ ಇಲ್ಲದೆ ಕೊರೆಸುವ ಧೈರ್ಯ ಯಾರಿಗಿದೆ? ಶ್ರೀನಿವಾಸಪ್ಪ, ಎದುರುಮನೆಯ ಆದಿಲಕ್ಷ್ಮಮ್ಮ, ಲಾರಿಯವರು, ಜೊತೆಗೆ ಕೆಲಸವಿಲ್ಲದ ಹತ್ತು ಜನ, ಎಲ್ಲರೂ ಕೈಕಟ್ಟಿ ನಿಂತಿದ್ದರು.

ಬಸ್ಸಿಗೆ ತಡವಾಯಿತೆಂದು ಸುಬ್ರಮಣಿ ಆ ಸೈಟಿನ ಅಡ್ಡದಾರಿ ಹಿಡಿದ. ಒಂದು ತಗ್ಗಿನಲ್ಲಿ ಅವನ ಕಾಲು ಕುಸಿಯಿತು. ಮೈ ಅಲುಗಿತು, ಸಡಿಲ ವೈರು ತಗುಲಿತು. ನೀಲಿ ದೀಪ ಗಿರಗಿರ ಸುತ್ತಿತು, ಕೆಂಪು ಬಲ್ಬು ಉರಿಯಿತು, ಬಜರು ಬೀದಿಗೆಲ್ಲ ಕೇಳುವಂತೆ ಕಿರುಚಿತು.

ಹದಿನೈದು ತಲೆಗಳು ಒಟ್ಟಿಗೆ ತಿರುಗಿದವು.

"ಏನಪ್ಪಾ ಸುಬ್ರಮಣಿ, ಪಕ್ಕದ ಮನೇಲಿದ್ದುಕೊಂಡು ಒಂದು ಮಾತು ಹೇಳಬಾರದಾ?" ಅಂದ ಶ್ರೀನಿವಾಸಪ್ಪ.

"ಏನು ಹೇಳಬೇಕಿತ್ತು ಮೇಷ್ಟ್ರೇ?"

"ನೀರು ನೋಡೋ ಮಿಷನ್ ಮಾಡಿದ್ದೀಯ ಅಂತ."

"ಇದು ನೀರು ನೋಡೋದಲ್ಲ. ಸಿನಿಮಾದ್ದು. ಬೇರೆ ಗ್ರಹದಲ್ಲಿ ಜೀವಿಗಳನ್ನ ಹುಡುಕೋ ಯಂತ್ರ. ಅದೂ ಸುಳ್ಳುಸುಳ್ಳೇ."

ಶ್ರೀನಿವಾಸಪ್ಪ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. "ಬೇರೆ ಗ್ರಹದಲ್ಲಿ ವಿಜ್ಞಾನಿಗಳು ಮೊದಲು ಹುಡುಕೋದು ಏನನ್ನ? ನೀರನ್ನ ತಾನೇ?" ಅಂದ.

ಸುತ್ತ ಇದ್ದವರು ತಲೆದೂಗಿದರು.

"ನಿಂದು ಯಾವ ಬ್ಲಡ್ ಗ್ರೂಪು ನಾಯನಾ?" ಎಂದಳು ಆದಿಲಕ್ಷ್ಮಮ್ಮ.

"ಓ ಪಾಸಿಟಿವ್. ಅದಕ್ಕೂ ಇದಕ್ಕೂ ಏನಜ್ಜೀ ಸಂಬಂಧ?"

ಸಂಬಂಧ ಇತ್ತು. ನೀರು ಕಾಣುವುದು ಓ ಪಾಸಿಟಿವ್ ರಕ್ತದವರಿಗೆ ಮಾತ್ರ ಎಂದು ಈ ಕಡೆ ಎಲ್ಲರೂ ನಂಬುತ್ತಾರೆ. ಗುಂಪಿನಲ್ಲಿ ಗುಸುಗುಸು ಎದ್ದಿತು.

"ದೇವರಾಣೆ ನಂಗೆ ನೀರು ಗೀರು ಗೊತ್ತಾಗಲ್ಲ. ಇದು ಕುಕ್ಕರ್ ಮುಚ್ಚಳ ಕಣ್ರೀ, ನೋಡಿ, ಕಂಪನಿ ಹೆಸರು ಇನ್ನೂ ಇದೆ," ಎಂದು ಅವನು ಮುಚ್ಚಳ ತಿರುಗಿಸಿ ತೋರಿಸಿದ.

"ನಿಜವಾಗಿ ಗೊತ್ತಿರೋರು ಗೊತ್ತು ಅನ್ನಲ್ಲಪ್ಪ," ಅಂದಳು ಆದಿಲಕ್ಷ್ಮಮ್ಮ. "ನಮ್ಮ ಮಾವನೋರೂ ಹಿಂಗೇ. ಕಾಲು ಹಿಡಿದ ಮೇಲೇ ಪಾಯಿಂಟ್ ಹೇಳ್ತಿದ್ದಿದ್ದು."

ಅಲ್ಲಿಗೆ ಸುಬ್ರಮಣಿಯ ಕತೆ ಮುಗಿಯಿತು. ಅಲ್ಲ ಅಂದಷ್ಟೂ ಹೌದು ಎಂದು ಅರ್ಥ ಮಾಡುವ ಜನರ ಮುಂದೆ ಮನುಷ್ಯ ಏನು ತಾನೇ ಹೇಳಬೇಕು? ನಗಲು ಹೋದ, ವಿನಯ ಅಂದರು. ರೇಗಿದ, ಶಕ್ತಿ ಇರುವವರಿಗೆ ಮುಂಗೋಪ ಸಹಜ ಅಂದರು. ಯಾರೋ ಯಂತ್ರಕ್ಕೆ ಕುಂಕುಮ ಇಟ್ಟರು. ಇನ್ನಾರೋ ಸೇವಂತಿಗೆ ಹಾರ ಹಾಕಿದರು. ಮೂರು ವಾರ ಕೂತು ಉಜ್ಜಿ, ಬೆಳ್ಳಿ ಬಣ್ಣ ಬಳಿದ ಮುಖದ ಮೇಲೆ ಕುಂಕುಮ ಇಳಿಯುವುದನ್ನು ನೋಡಲಾರದೆ ಅವನು ಅಂಗಿ ಚುಂಗಿನಿಂದ ಒರೆಸಲು ಹೋದ, ಯಾರೋ ಕೈ ಹಿಡಿದರು. ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಒಂಬತ್ತೂವರೆಯ ಬಸ್ಸು ಹಾರನ್ ಹೊಡೆದು ಹೊರಟೇ ಹೋಯಿತು.

ಅವನ ತಾಳ್ಮೆಯ ಕಟ್ಟೆ ಒಡೆಯಿತು. "ನಿಮಗೆ ಪಾಯಿಂಟ್ ಬೇಕು ತಾನೇ? ತಗೊಳ್ಳಿ, ಇಲ್ಲೇ ಕೊರೆಸಿ, ಪಾತಾಳದವರೆಗೂ ಕೊರೆಸಿ," ಎಂದು ಕಾಲು ಕುಸಿದಿದ್ದ ಅದೇ ತಗ್ಗಿನಲ್ಲಿ ಹಿಮ್ಮಡಿಯಿಂದ ಗುದ್ದಿದ. ಯಂತ್ರ ಮತ್ತೊಮ್ಮೆ ಕಿರುಚಿತು. ಶ್ರೀನಿವಾಸಪ್ಪ ಭಕ್ತಿಯಿಂದ ಅಲ್ಲಿ ಸುಣ್ಣದ ಗುರುತು ಹಾಕಿದ.

"ಈಗಲಾದ್ರೂ ಬಿಡಿ. ಹತ್ತು ಗಂಟೆಗೆ ಇನ್ನೊಂದು ಬಸ್ಸಿದೆ."

"ಅದೆಂಗಾಗುತ್ತೆ? ಪಾಯಿಂಟ್ ಕೊಟ್ಟೋರು ನೀರು ಬರೋವರೆಗೂ ಕದಲಬಾರದು. ಪದ್ಧತಿ," ಎಂದು ಶ್ರೀನಿವಾಸಪ್ಪ ಪ್ಲಾಸ್ಟಿಕ್ ಕುರ್ಚಿ ತಂದು ಅದರಲ್ಲಿ ಅವನನ್ನು ಒತ್ತಿ ಕೂರಿಸಿದ. ಯಂತ್ರವನ್ನು ಇನ್ನೊಂದು ಕುರ್ಚಿಯ ಮೇಲಿಟ್ಟರು. ಅದಕ್ಕೆ ಛತ್ರಿ ಹಿಡಿದರು. ಅವನಿಗೆ ಹಿಡಿಯಲಿಲ್ಲ.

ತೌಹೀದ್ ಫೋನ್ ಮಾಡಿದ. "ಸಾರ್, ಎಲ್ಲಿದ್ದೀರಾ? ಯಾತ್ರಿ ಡ್ರೆಸ್ ಹಾಕ್ಕೊಂಡು ಬೆವರ್ತಾ ನಿಂತಿದ್ದಾನೆ."

"ಬಂದೆ ಕಣಪ್ಪಾ. ಸ್ವಲ್ಪ ಜನ ಹಿಡ್ಕೊಂಡಿದ್ದಾರೆ."

ಲಾರಿ ಅಬ್ಬರಿಸಿತು. ಪೂಜೆ ಆಯಿತು, ಕಾಯಿ ಒಡೆದರು, ಕೊರೆಯತೊಡಗಿದರು. ಐದಡಿ ಇಳಿಯಿತೋ ಇಲ್ಲವೋ, ಟಪ್ ಎಂದು ಸದ್ದಾಗಿ ನೀರು ಆಳೆತ್ತರ ಚಿಮ್ಮಿತು.

ಬೀದಿಗೆ ಬೀದಿಯೇ ಕುಣಿಯಿತು. ಐದಡಿಗೆ ನೀರು. ಆದಿಲಕ್ಷ್ಮಮ್ಮ, ತಾನು ಸೊಸೆಯಾಗಿ ಬಂದಾಗ ಬಾವಿಯಿಂದ ಕೈಯಲ್ಲೇ ಮೊಗೆಯುತ್ತಿದ್ದೆವು, ಆ ಕಾಲ ತಿರುಗಿ ಬಂತು ಎಂದು ಕಣ್ಣೊರೆಸಿಕೊಂಡಳು. ಶ್ರೀನಿವಾಸಪ್ಪ ಬೊಗಸೆ ಒಡ್ಡಿ ಕುಡಿದು, "ಸ್ವಲ್ಪ ಬ್ಲೀಚಿಂಗ್ ಪೌಡರ್ ವಾಸನೆ ಇದೆ. ಖನಿಜಾಂಶ," ಎಂದ.

ಸುಬ್ರಮಣಿಯೂ ಬೆರಗಾಗಿ ತನ್ನ ಯಂತ್ರವನ್ನು ಒಮ್ಮೆ ನೋಡಿದ. ಸುಳ್ಳೇಕೆ, ಅರ್ಧ ನಿಮಿಷ ಅವನಿಗೂ ಅನುಮಾನ ಬಂತು. ಅಷ್ಟರಲ್ಲಿ ಸಹನ ಖಾಲಿ ಕೊಡ ಹಿಡಿದು ಆಚೆ ಬಂದು, "ರೀ, ನಲ್ಲೀಲಿ ನೀರು ನಿಂತೋಯ್ತು," ಅಂದಳು. ಎದುರುಮನೆಯಿಂದಲೂ ಅದೇ ಕೂಗು. ಕೆಳಗಿನ ಬೀದಿಯಿಂದಲೂ ಅದೇ.

ಪಂಚಾಯ್ತಿಯ ವಾಟರ್‌ಮನ್ ಮುನಿಯಲ್ಲಪ್ಪ ಮೊಪೆಡ್ಡಿನಲ್ಲಿ ಧಾವಿಸಿ ಬಂದ. ಕೊರೆದ ಗುಂಡಿಯೊಳಗೆ ಬಗ್ಗಿ ನೋಡಿದ. ಬಯ್ಯುತ್ತಾನೆಂದು ಎಲ್ಲರೂ ಹಿಂದೆ ಸರಿದರೆ ಅವನು ಸುಬ್ರಮಣಿಯ ಎರಡೂ ಕೈ ಹಿಡಿದುಕೊಂಡ.

"ಸಾಮೀ, ನಾಲ್ಕು ತಿಂಗಳಿಂದ ಈ ಮೇನ್ ಲೈನು ಎಲ್ಲಿ ಹೋಗಿದೆ ಅಂತ ಹುಡುಕ್ತಾ ಇದ್ದೀವಿ. ನಕ್ಷೆ ಇಲ್ಲ, ಹೂತೋನು ಸತ್ತೋದ. ಎಲ್ಲೆಲ್ಲಿ ಅಗೆದ್ವಿ ಗೊತ್ತಾ? ನೀವೆಂಗೆ ಕಂಡುಹಿಡಿದ್ರಿ?"

ಕಂಡುಹಿಡಿದದ್ದು ಕಾಲು. ಪೈಪು ಹೂತು ಮುಚ್ಚಿದ ಮಣ್ಣು ಕುಸಿದು ತಗ್ಗಾಗಿತ್ತು, ಸುಬ್ರಮಣಿ ಅದರಲ್ಲಿ ಎಡವಿದ್ದ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಂಚಾಯ್ತಿಯ ಪಿಡಿಒ ಸರಳಾ ಮೇಡಂ ಜೀಪಿನಿಂದ ಇಳಿದರು.

"ಪೈಪು ಒಡೆದೋರು ಯಾರು?"

"ನಂಗೇನೂ ಗೊತ್ತಿಲ್ಲ ಮೇಡಂ. ಮಿಷನ್ ತಂದು ಪಾಯಿಂಟ್ ತೋರಿಸಿದ್ದು ಇವನೇ," ಅಂದ ಶ್ರೀನಿವಾಸಪ್ಪ. ಈಗ ತಾನೇ ಕುರ್ಚಿ ತಂದು ಕೂರಿಸಿದ ಮನುಷ್ಯ. ಹದಿನೈದು ಜನವೂ ಹೌದೌದು ಎಂದರು. ಆದಿಲಕ್ಷ್ಮಮ್ಮ, "ಬೇಡ ಬೇಡ ಅಂದ್ರೂ ಕೇಳ್ಲಿಲ್ಲಮ್ಮ," ಎಂದೂ ಸೇರಿಸಿದಳು.

ಸುಬ್ರಮಣಿಯ ಮೈ ಉರಿದುಹೋಯಿತು. "ಬೆಳಿಗ್ಗೆಯಿಂದ ಬಾಯಿ ಬಡ್ಕೊತಿದ್ದೀನಿ ಮೇಡಂ, ಇದು ಆಟದ ಸಾಮಾನು ಅಂತ."

ಮೇಡಂ ಕಾಗದ ತೆಗೆದರು. "ನೋಡಿ, ನಾನೀಗ ಮಹಜರು ಬರೀಬೇಕು. ಆಟದ ಸಾಮಾನು ಅಂದ್ರೆ, ಜನಕ್ಕೆ ಮೋಸ ಮಾಡಿ ಸರ್ಕಾರಿ ಪೈಪು ಒಡೆಸಿದ್ರಿ ಅಂತ ಆಗುತ್ತೆ. ಪೊಲೀಸರಿಗೆ ಕಳಿಸ್ಬೇಕು, ನಿಮ್ಮ ಹೆಡ್‌ಮಾಸ್ಟರಿಗೂ ಒಂದು ಪ್ರತಿ. ನೀರು ಪತ್ತೆ ಮಾಡೋ ಯಂತ್ರ ಅಂದ್ರೆ, ಪಂಚಾಯ್ತಿ ಕೋರಿಕೆ ಮೇಲೆ ಕಳೆದುಹೋದ ಲೈನು ಹುಡುಕಿಕೊಟ್ರಿ ಅಂತ ಆಗುತ್ತೆ. ನಿಮ್ಮ ಮೇಲೆ ಏನೂ ಬರಲ್ಲ. ಹೇಳಿಕೆ ನೀವೇ ಬರೆದುಕೊಡಬೇಕು, ಯಾವುದು ಬರೀತೀರಾ?"

ಇದು ಯಾವ ಸೀಮೆ ನ್ಯಾಯ? ನಿಜ ಹೇಳಿದರೆ ಜೈಲು, ಸುಳ್ಳು ಹೇಳಿದರೆ ಮರ್ಯಾದೆ. ಸುಬ್ರಮಣಿ ಸಹನಳ ಮುಖ ನೋಡಿದ. ಅವಳು ಕಣ್ಣಲ್ಲೇ, ಬರೆದು ಮುಗಿಸಿ ಅಂದಳು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ. ಮುತ್ತಿನಂಥ ಅಕ್ಷರದಲ್ಲಿ ಬರೆದ: "ಸದರಿ ಯಂತ್ರವು ನೈಜವಾದದ್ದೆಂದೂ, ಆಟಿಕೆಯಾಗಲಿ ಸಿನಿಮಾ ಪರಿಕರವಾಗಲಿ ಅಲ್ಲವೆಂದೂ ಈ ಮೂಲಕ ದೃಢೀಕರಿಸುತ್ತೇನೆ." ಕೆಳಗೆ ಸಹಿ. ಪ್ರತಿ ಅಕ್ಷರಕ್ಕೂ ಅವನಿಗೆ ಅಳು ಬರುತ್ತಿತ್ತು. ಮೇಡಂ ಸೀಲು ಒತ್ತಿ, ಕೆಳಗಿನ ಬೀದಿಯ ಪೈಪು ಹುಡುಕಲು ನಾಳೆ ಏಳಕ್ಕೇ ಬರಬೇಕು ಎಂದರು.

ಅದೇ ಹೊತ್ತಿಗೆ ಬೈಕು ಬಂದು ನಿಂತಿತು. ತೌಹೀದ್. ಕಾದು ಕಾದು, ಯಂತ್ರ ಒಯ್ಯಲು ತಾನೇ ಬಂದಿದ್ದ. ಹಾರ ಹಾಕಿದ ಯಂತ್ರ ನೋಡಿದ, ಚಿಮ್ಮುವ ನೀರು ನೋಡಿದ. ಮುನಿಯಲ್ಲಪ್ಪ ಅವನಿಗೆ ನಡೆದದ್ದನ್ನೆಲ್ಲ ರಂಗಾಗಿ ಹೇಳಿ, ಸಾಕ್ಷಿಗೆ ಮಹಜರನ್ನೂ ತೋರಿಸಿದ. ತೌಹೀದ್ ಎರಡು ಸಲ ಓದಿಕೊಂಡ.

"ಹಾಗಾದ್ರೆ ಇದು ಸಿನಿಮಾ ಪ್ರಾಪ್ ಅಲ್ಲ, ಅಲ್ವಾ ಸಾರ್? ನೀವೇ ಬರೆದಿದ್ದೀರ."

ಸುಬ್ರಮಣಿ ಮೇಡಂ ಕಡೆ ನೋಡಿದ. ಸೀಲಿನ ಶಾಯಿ ಇನ್ನೂ ಒಣಗಿರಲಿಲ್ಲ.

"ನಾನು ನಿಮ್ಮನ್ನ ಆರ್ಟಿಸ್ಟ್ ಅನ್ಕೊಂಡಿದ್ದೆ ಸಾರ್. ಏನೇನೋ ಕಲ್ಪನೆ ಮಾಡಿ, ಸುಳ್ಳನ್ನ ನಿಜದ ಥರ ಮಾಡ್ತೀರ ಅಂತ."

ಸುಬ್ರಮಣಿ ತಡೆಯಲಾರದೆ ಅವನ ತೋಳು ಹಿಡಿದು ಕಾಂಪೌಂಡಿನ ಮೂಲೆಗೆ ಎಳೆದೊಯ್ದ. ಕುಕ್ಕರ್ ಮುಚ್ಚಳ, ಹೇರ್ ಡ್ರೈಯರ್, ಟೆಂಪೊ ಬಜರು, ಸಡಿಲ ವೈರು, ತಗ್ಗು, ಎಲ್ಲವನ್ನೂ ಪಿಸುದನಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಈ ಭೂಮಿಯ ಮೇಲೆ ಒಬ್ಬನಾದರೂ ತಿಳಿದುಕೊಳ್ಳಲಿ ಎಂದು ಬೇಡುವ ದನಿ ಅದು.

ತೌಹೀದ್ ಪೂರ್ತಿ ಕೇಳಿಸಿಕೊಂಡ. ಹಿಂದೆ ತಿರುಗಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಅವನ ದನಿಯೂ ತಗ್ಗಿತು.

"ಅದೆಲ್ಲ ಇರಲಿ ಸಾರ್. ಶೂಟಿಂಗ್ ನಾಳೆ ನಾಳಿದ್ದು ಆಗುತ್ತೆ. ನಮ್ಮ ಅಬ್ಬಾ ಮೂರು ಸಲ ಬೋರ್ ಹಾಕ್ಸಿ ಸುಸ್ತಾಗಿದ್ದಾರೆ, ಮೂರೂ ಫೇಲು. ಬೈಕಿದೆ, ಮಿಷನ್ ತಗೊಂಡು ಹತ್ತಿ. ಮನೆ ಹಿಂದೆ ಒಂದೇ ಒಂದು ಪಾಯಿಂಟ್ ನೋಡಿಕೊಟ್ಟುಬಿಡಿ."