ಮಾತ್ರೆ ಈಗ ಎಲ್ಲಿದೆ?

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಲಿವರ್ ನೆನಪಿರುತ್ತದೆ! ಸುಳ್ಳಲ್ಲ. ಯಾರನ್ನು ಕಂಡರೂ ಅವರ ದೃಷ್ಟಿ ಮೊದಲು ಬಲಗಡೆಯ ಪಕ್ಕೆಲುಬಿನ ಕೆಳಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಏನನ್ನೋ ಓದಿಕೊಂಡು, ಆಮೇಲೆ ನಿಧಾನವಾಗಿ ಮುಖಕ್ಕೆ ಬರುತ್ತದೆ. ಮಧುಗಿರಿಯ ನಮ್ಮ ಬೀದಿಯಲ್ಲಿ ಅವರು ಸಂಜೆ ತಿರುಗಾಡಲು ಹೊರಟರೆ ಹೆಂಗಸರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಾರೆ, ಗಂಡಸರು ಹೆಗಲ ಮೇಲಿನ ಟವೆಲ್ಲನ್ನು ಮುಂದಕ್ಕೆ ಇಳಿಬಿಡುತ್ತಾರೆ. ಕಣ್ಣು ಬೀಳುವುದು ಅಂದರೆ ಕೂಸಿಗೆ, ಬೆಳೆಗೆ, ಹೊಸ ಮನೆಗೆ ಅಂತ ಕೇಳಿದ್ದೆವು. ಲಿವರಿಗೂ ಬೀಳುತ್ತದೆ ಅಂತ ಗೊತ್ತಾದದ್ದು ಅತ್ತೆ ಊರಿಗೆ ಬಂದ ಮೇಲೆ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಬಿಳಿ ಇಲಿಗಳ ಜೊತೆ ಆಯಸ್ಸು ಸವೆಸಿದವರು ಅವರು. ಹೊಸ ಔಷಧಿಯನ್ನು ಇಲಿಯ ಹೊಟ್ಟೆಗೆ ಹಾಕಬೇಕು. ಅದು ಯಾವ ಅಂಗಕ್ಕೆ ಎಷ್ಟು ಹೋಯಿತು, ಲಿವರಿನಲ್ಲಿ ಏನಾಗಿ ಒಡೆಯಿತು, ಯಾವ ದಾರಿಯಲ್ಲಿ ಹೊರಗೆ ಬಂತು ಅಂತ ಬೆನ್ನು ಹತ್ತಬೇಕು. ಪೊಲೀಸರು ಕಳ್ಳನ ಬೆನ್ನು ಹತ್ತುತ್ತಾರಲ್ಲ, ಹಾಗೆ. ಈ ಓಡಾಟದಲ್ಲಿ ಮದುವೆಗೆ ಪುರುಸೊತ್ತಾಗಲಿಲ್ಲ. ರಿಟೈರಾದ ಮೇಲೆ ಬೆಟ್ಟದ ಬುಡದಲ್ಲಿರುವ ನಮ್ಮ ಮನೆಗೆ ಬಂದು ನಿಂತರು. ಕೊರಟಗೆರೆಯ ಹೈಸ್ಕೂಲಿಗೆ ಪಾಠ ಹೇಳಲು ದಿನಾ ಹೋಗಿಬರುವ ನಾನು, ಅವರು, ಈಗ ಇಬ್ಬರೇ.

ಮನುಷ್ಯ ರಿಟೈರಾದರೂ ಅಭ್ಯಾಸ ರಿಟೈರಾಗಬೇಕಲ್ಲ! ಅತ್ತೆ ನಡೆದರೆ ಸದ್ದಿಲ್ಲ. ಬೆಟ್ಟದ ನೆರಳು ಊರಿಗಿಂತ ಮೊದಲೇ ನಮ್ಮ ಅಡುಗೆಮನೆಗೆ ಬಂದು ಕೂರುತ್ತದೆ. ಆ ಮಬ್ಬಿನಲ್ಲಿ ಒಗ್ಗರಣೆ ಹಾಕುತ್ತ ಹಿಂದಕ್ಕೆ ತಿರುಗಿದರೆ, ಬೆನ್ನಿಗೆ ಅಂಟಿಕೊಂಡಂತೆ ಅತ್ತೆ! ಸೌಟು ಎಷ್ಟು ಸಲ ಕೈಜಾರಿದೆಯೋ. "ಸ್ವಲ್ಪ ಕೆಮ್ಮಬಾರದೇ?" ಅಂದರೆ, "ಸದ್ದು ಮಾಡಿದ್ರೆ ಇಲಿ ಬೆದರ್ತದೆ ಕಣೇ. ಬೆದರಿದ ರಕ್ತ ಸುಳ್ಳು ಹೇಳ್ತದೆ" ಅನ್ನುತ್ತಾರೆ. ಯಾರನ್ನಾದರೂ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಕೈಗೂ ಇಲಿ ಬೆದರುತ್ತದಂತೆ. ನೆರೆಮನೆಯ ಕೂಸನ್ನು ಎತ್ತಿಕೊಳ್ಳಲು ಅತ್ತೆ ಹಾಗೆ ಕೈ ಉಜ್ಜುತ್ತ ಹೋದಾಗ ಅದರ ತಾಯಿ ಬಾಗಿಲು ಹಾಕಿಕೊಂಡಳು.

ನನ್ನ ಮಾತ್ರೆಯನ್ನೂ ಅವರು ಬಿಡುವುದಿಲ್ಲ. ನನಗೆ ಚಿಕ್ಕಂದಿನಿಂದಲೇ ಮೂರ್ಛೆ ಬರುತ್ತಿತ್ತು. ಬಿದ್ದಾಗಲೆಲ್ಲ ಯಾರೋ ಓಡಿಬಂದು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಿದ್ದರು. ಮಧುಗಿರಿಯ ಅರ್ಧ ಬೀಗಗಳ ಪರಿಚಯ ನನ್ನ ಅಂಗೈಗಿದೆ! ಕಾಲೇಜಿಗೆ ಸೇರಿದ ಮೇಲೆ ಒಂದು ಹೊಸ ಮಾತ್ರೆ ಬಂತು. ಅಂದಿನಿಂದ ನಾನು ಬಿದ್ದಿಲ್ಲ. ಸಂಜೆ ಅದನ್ನು ನುಂಗಿ ಕೂತರೆ ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮೆಲುದನಿಯಲ್ಲಿ ಶುರುಮಾಡುತ್ತಾರೆ: "ಹೊಟ್ಟೆ ದಾಟ್ತು... ಲಿವರ್ ಹತ್ರ ನಿಲ್ಸವ್ರೆ. ಟೋಲ್‌ಗೇಟು ಕಣೇ ಅದು, ಕಿತ್ಕೊಳ್ದೆ ಬುಡಲ್ಲ... ಈಗ ರಕ್ತಕ್ಕೆ ಇಳೀತು..." ಕೇಳುತ್ತ ಕೇಳುತ್ತ, ನಿಜವಾಗಿಯೂ ಒಳಗೆ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ ಅನ್ನಿಸಿ ಮೈ ಜುಮ್ಮೆನ್ನುತ್ತದೆ.

ಒಮ್ಮೆ ವೈ.ಎನ್.ಹೊಸಕೋಟೆಯ ನೆಂಟರ ಗೃಹಪ್ರವೇಶಕ್ಕೆ ಪಾವಗಡದ ಬಸ್ಸು ಹತ್ತಿದ್ದೆವು. ಪಕ್ಕದ ಸೀಟಿನ ಮೀಸೆಯ ಮನುಷ್ಯ ತಲೆನೋವೆಂದು ಒಂದು ಮಾತ್ರೆ ನುಂಗಿ ನೀರು ಕುಡಿದ. ಅಷ್ಟೇ ಸಾಕಾಯಿತು! ಅತ್ತೆ ಪೂರ್ತಿ ಅವನ ಕಡೆ ತಿರುಗಿ ಕೂತರು. ಬಸ್ಸು ಮುಂದೆ ಹೋದಂತೆ ಅವರ ನೋಟ ಅವನ ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯಿತು. ಅವನು ಅಂಗಿಯ ಗುಂಡಿ ಹಾಕಿಕೊಂಡು, ಪಾವಗಡದ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಏಮಮ್ಮಾ, ನನ್ನ ಯಾಕಂಗೆ ನೋಡ್ತೀರಾ?"

"ನಿನ್ನಲ್ಲ ಕಣಪ್ಪ. ನಿನ್ನ ಒಳಗಿರೋದನ್ನ ನೋಡ್ತಿದೀನಿ."

"ಒಳಗಾ? ಒಳಗೇನೈತೆ? ಲೋಪಲ ಏಮುಂದಮ್ಮಾ?"

"ಐತೆ ಐತೆ. ಇನ್ನೊಂಚೂರು ಹೊತ್ಗೆ ರೂಪ ಬದಲಾಯಿಸ್ತದೆ. ಆಮೇಲೆ ಒಂದೊಂದೇ ಅಂಗ ಬುಟ್ಟು ತಾನಾಗೇ ಹೋಯ್ತದೆ, ಎದರಬ್ಯಾಡ."

ಪಾವಗಡಕ್ಕೆ ಟಿಕೆಟ್ ತೆಗೆದುಕೊಂಡಿದ್ದ ಮನುಷ್ಯ ಮಿಡಿಗೇಶಿಯಲ್ಲೇ ಇಳಿದುಬಿಟ್ಟ! ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಗುಡಿಯ ಬಾಗಿಲಲ್ಲಿ ನಿಂತು ಹಣೆಗೆ ವಿಭೂತಿ ಬಳಿಸಿಕೊಳ್ಳುತ್ತಿದ್ದ.

ಶಿರಾದ ಕಡೆಯ ನೆಂಟರೂ ಏನು ಕಡಿಮೆ ಅನುಭವಿಸಿಲ್ಲ. ಕಳ್ಳಂಬೆಳ್ಳದಲ್ಲಿ ಬಾಡೂಟ. ಎಲೆಗೆ ಮುದ್ದೆ ಬಿದ್ದು, ಸಾರು ಬಿದ್ದು, ಎಲ್ಲರೂ ತೋಳು ಮಡಚಿಕೊಂಡಿದ್ದಾರೆ. ಅತ್ತೆ ಒಂದು ತುಂಡನ್ನು ಬೆಳಕಿಗೆ ಹಿಡಿದು ಕೇಳಿದರು, "ಈ ಕುರಿಗೆ ಜಂತಿನ ಔಷಧಿ ಯಾವಾಗ ಕುಡಿಸಿದ್ರಿ?"

"ಅಯ್ಯೋ, ಕುರಿ ಸತ್ತು ಸಾರಾಗೈತೆ, ಈಗ ಯಾಕಮ್ಮ ಅದು?" ಅಂದ ಮನೆ ಯಜಮಾನ.

"ಕುರಿ ಸತ್ತೈತೆ ಸರಿ. ಔಷಧಿ ಸತ್ತೈತಾ?"

ಇಡೀ ಪಂಕ್ತಿಯ ಕೈಗಳು ಬಾಯಿಯ ಹತ್ತಿರವೇ ನಿಂತುಹೋದವು. ಎಲ್ಲರೂ ಎಲೆಯಲ್ಲಿದ್ದ ತುಂಡುಗಳನ್ನು, ಅವು ಈಗ ಕದಲುತ್ತವೋ ಏನೋ ಎನ್ನುವಂತೆ ನೋಡತೊಡಗಿದರು. ಅವತ್ತು ಮೊಸರನ್ನಕ್ಕೆ ಬಂದ ಬೇಡಿಕೆ ಬಾಡಿನ ತುಂಡಿಗೆ ಬರಲಿಲ್ಲ. ಅತ್ತೆ ಮಾತ್ರ ಎರಡು ಸಲ ಬಡಿಸಿಕೊಂಡು ಉಂಡರು! ದಾರಿಯಲ್ಲಿ ಕೇಳಿದರೆ, "ಕುರಿಯವನ್ನ ಹಿತ್ತಲಲ್ಲಿ ವಿಚಾರಿಸ್ದೆ. ಔಷಧಿ ಮೈ ಬುಟ್ಟು ಹೋಗಿ ಬಾಳ ದಿನ ಆಗೈತೆ" ಅಂದರು. ಅದನ್ನು ಪಂಕ್ತಿಯಲ್ಲಿ ಹೇಳಬಾರದಿತ್ತೇ? "ಯಾರೂ ಕೇಳ್ಲಿಲ್ಲವಲ್ಲ."

ಇನ್ನು ಗೋಡೆಯ ಮೇಲಿನ ಪಟದ ಕಥೆ. ಅತ್ತೆ ಲ್ಯಾಬಿನಿಂದ ತಂದ ಆಸ್ತಿ ಅದೊಂದೇ. ಬೂದುಬಣ್ಣದ ಹಾಳೆ, ಅದರಲ್ಲಿ ಮುದುರಿ ಮಲಗಿದಂಥ ಒಂದು ಆಕಾರ, ಅಲ್ಲಲ್ಲಿ ಕಪ್ಪು. ವಿಕಿರಣದ ಗುರುತು ಬೆರೆಸಿದ ಔಷಧಿ ಕುಡಿಸಿ, ಆಮೇಲೆ ಕೊಂದ ಇಲಿಯನ್ನು ಮಂಜುಗಡ್ಡೆ ಮಾಡಿ, ಹಪ್ಪಳಕ್ಕಿಂತ ತೆಳ್ಳಗೆ ಸೀಳಿ ಫಿಲ್ಮಿನ ಮೇಲೆ ಇಡುತ್ತಾರಂತೆ. ಔಷಧಿ ಎಲ್ಲೆಲ್ಲಿ ಹೋಗಿ ಸೇರಿದೆಯೋ ಅಲ್ಲೆಲ್ಲ ಕಪ್ಪಾಗುತ್ತದಂತೆ. ಆ ಪಟವನ್ನು ಅತ್ತೆ ತೂಗುಹಾಕಿದ್ದು ನಡುಮನೆಯ ಕೋಣೆಯಲ್ಲಿ, ನಮ್ಮ ತಾತನ ಫೋಟೋದ ಪಕ್ಕ! ಮನೆಗೆಲಸದ ಗಂಗಮ್ಮ ಅದನ್ನು ಹೊಟ್ಟೆಯಲ್ಲೇ ತೀರಿಕೊಂಡ ಯಾವುದೋ ಕೂಸಿನ ಸ್ಕ್ಯಾನಿಂಗ್ ಅಂದುಕೊಂಡಳು. ಯಾರನ್ನೂ ಕೇಳದೆ ದಿನಾ ಕುಂಕುಮವಿಟ್ಟು, ಕನಕಾಂಬರ ಮುಡಿಸಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಒಂದು ದಿನ ನನ್ನ ಕಿವಿಯಲ್ಲಿ ಉಸುರಿದಳು.

"ಟೀಚರಮ್ಮಾ, ಹೊತ್ತು ಮುಳುಗೋ ಟೈಮ್ನಾಗೆ ಆ ಕಪ್ಪು ಜರುಗ್ತದೆ ಕಣಮ್ಮ. ಹೊಟ್ಟೆಯಿಂದ ತಲೆ ತಾವಕ್ಕೆ. ನಾನು ಕಣ್ಣಾರೆ ಕಂಡಿವ್ನಿ."

ನಕ್ಕುಬಿಟ್ಟೆ. ಆದರೆ ಆಮೇಲೆ ಸಂಜೆ ಹೊತ್ತು ಆ ಕೋಣೆಗೆ ಹೋದರೆ ಪಟದ ಕಡೆ ನೋಡದೆ ಬರುತ್ತಿದ್ದೆ. ಕೊನೆಗೆ ಅದು ಕೂಸಲ್ಲ, ಇಲಿ ಅಂತ ಗಂಗಮ್ಮನಿಗೆ ತಿಳಿಸಿದೆವು. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಹೊರಟುಹೋದಳು. ಮರುದಿನ ನೋಡಿದರೆ ಕುಂಕುಮ ಮತ್ತೆ ಹಾಜರ್! "ಇರ್ಲಿ ಬುಡಿ, ಗಣಪಪ್ಪನ ಗಾಡಿ ಅಲ್ವಾ."

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಅವರು ಬದುಕಿದ್ದಾಗ ಇಷ್ಟಪಟ್ಟಿದ್ದನ್ನೆಲ್ಲ ಎಲೆಯಲ್ಲಿಟ್ಟು ಬಾಗಿಲು ಮುಚ್ಚಿ ಹೊರಗೆ ಕೂತರೆ ಅವರು ಬಂದು ಉಣ್ಣುತ್ತಾರೆ ಅಂತ ನಂಬಿಕೆ. ತಾತನಿಗೆ ಬಾಡು, ವಡೆ, ಬೀಡಿಕಟ್ಟು. ಅತ್ತೆ ಬಂದ ಮೊದಲ ವರ್ಷ, ತಾತನ ಎಲೆಯ ಪಕ್ಕ ಮುತ್ತುಗದ ಒಂದು ಪುಟ್ಟ ಎಲೆ ಹಾಕಿ ಹುರಿಗಡಲೆ ಸುರಿದರು. "ಲ್ಯಾಬಲ್ಲಿ ಒಣ ಉಂಡೆ ಬುಟ್ರೆ ಬ್ಯಾರೆ ಇಲ್ಲ ಕಣೇ. ಬಾಯಿಗೆ ರುಚಿಯಾಗಿ ಏನ್ ಕೊಟ್ರೂ ಔಷಧಿ ಲೆಕ್ಕ ಕೆಡ್ತದೆ. ಸಾಯೋಗಂಟ ಒಂದು ಹುರಿಗಡ್ಲೆ ಕೊಡೋಕಾಗ್ಲಿಲ್ಲ."

ಬಾಗಿಲು ಮುಚ್ಚಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಟುಂ ಕಟುಂ ಅಂತ ಸದ್ದು! ಗಂಗಮ್ಮ ನನ್ನ ತೋಳು ಹಿಡಿದುಕೊಂಡಳು. ತೆಗೆದು ನೋಡಿದರೆ ತಾತನ ಬಾಡು ಇಟ್ಟಂತೆಯೇ ಇದೆ, ಪುಟ್ಟ ಎಲೆ ಒರೆಸಿದಂತೆ ಖಾಲಿ.

"ಮನೆ ಇಲಿ ಅತ್ತೆ, ಇನ್ನೇನು!" ಅಂದೆ.

"ಮನೆ ಇಲಿ ಬಾಡು ಬುಟ್ಟು ಕಡ್ಲೆ ತಿಂತದಾ?"

ಅತ್ತೆ ಆಗಲೇ ಇನ್ನೊಂದು ಪ್ರಶ್ನೆ ಕೇಳಿದರು. "ನಾನು ಹೋದ್ಮೇಲೆ ಇವಕ್ಕೆ ಯಾರು ಇಡ್ತಾರೆ? ಅಲ್ಲಿ ನಾನು ಹೋಗೋ ಹೊತ್ಗೆ ಅಷ್ಟೂ ಸಾಲಾಗಿ ಕೂತಿರ್ತಾವೆ ಕಣೇ, ಕೆಂಪು ಕಣ್ಣು ಬುಟ್ಕಂಡು. ನನ್ನ ಮಕ ನೋಡ್ತಾವೆ. ಎಡೆನಾದ್ರೂ ಮುಟ್ಟಿದ್ರೆ ಸುಮ್ಕೆ ಬುಡ್ತಾವೇನೋ." ಪ್ರತಿ ವರ್ಷವೂ ಇದೇ ಪ್ರಶ್ನೆ, ಪ್ರತಿ ವರ್ಷವೂ ನನ್ನದು ಒಂದೇ ಉತ್ತರ: "ನೀವೇ ಬಂದು ಇಡಿ, ಹೇಗೂ ನಡೆದರೆ ಸದ್ದಾಗಲ್ಲ!"

ಈ ವರ್ಷ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಕೋಣೆಯ ಬಾಗಿಲಿಗೆ ಎದುರಾಗಿ ಮಂಚ ಹಾಕಿದ್ದೇವೆ. ಅಮಾವಾಸ್ಯೆಯ ಸಂಜೆ ಎಡೆ ಇಡಲು ನಾನೊಬ್ಬಳೇ ಒಳಗೆ ಹೋದೆ. ಪಟದ ಮುಂದೆ ಪುಟ್ಟ ಎಲೆ ಹಾಸುತ್ತ ಸುಮ್ಮನೆ ಕೇಳಿದೆ, "ಅಷ್ಟೊಂದು ಇಲಿ ಕಂಡಿದ್ದೀರಿ. ಇದರ ಪಟವನ್ನೇ ಯಾಕೆ ತಂದಿರಿ?"

"ಅದರ ತಲೆ ನೋಡು," ಅಂದರು ಅತ್ತೆ ಮಂಚದಿಂದ.

ಮೊದಲ ಸಲ ನೆಟ್ಟಗೆ ನೋಡಿದೆ. ತಲೆ ಕಪ್ಪಾಗಿತ್ತು.

"ಔಷಧಿ ಮೈಯೆಲ್ಲ ಹೋಯ್ತದೆ, ತಲೆಗೆ ಸುಲಭಕ್ಕೆ ಹೋಗಲ್ಲ ಕಣೇ. ಮಿದುಳ ಬಾಗಿಲಲ್ಲಿ ಕಾವಲು ಅವ್ರೆ. ಎಷ್ಟು ಪಟ ತೆಗೆದ್ರೂ ತಲೆ ಬೆಳ್ಳಗೇ ಇರೋದು. ಇದ್ರ ತಲೆ ಕಪ್ಪಾಯ್ತು. ಲ್ಯಾಬಲ್ಲಿ ಎಲ್ರೂ ಚಪ್ಪಾಳೆ ತಟ್ಟಿದ್ರು. ನಾನು ಹೊರಗೋಗಿ ಅತ್ಬುಟ್ಟೆ. ಅದೇ ವಾರ ನೀನು ಇಸ್ಕೂಲ್ ಮೆಟ್ಟಿಲ ಮ್ಯಾಗೆ ಬಿದ್ದು ಹಲ್ಲು ಮುರ್ಕಂಡಿದ್ದೆ. ಆ ಔಷಧಿ ಅಂಗಡಿಗೆ ಬರೋ ಹೊತ್ಗೆ ನೀನು ಕಾಲೇಜು. ಈಗ ದಿನಾ ನುಂಗ್ತೀಯಲ್ಲ, ಅದೇ ಕಣೇ."

ಕುಂಕುಮದ ಬೊಟ್ಟಿಟ್ಟುಕೊಂಡು ಮುದುರಿ ಮಲಗಿದ್ದ ಆ ಜೀವದ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಂದಿನ ಮಾತ್ರೆ ಇನ್ನೂ ನುಂಗಿರಲಿಲ್ಲ. ಬೇರೆ ಏನು ಕೊಡಲೂ ತೋಚದೆ ಅದನ್ನೇ ಎಲೆಯ ಮೇಲಿಟ್ಟು ಕೈಮುಗಿದೆ.

ಮಂಚದಿಂದ ಗದರಿಕೆ ಬಂತು. "ಲೇ, ತೆಗಿಯೇ ಅದನ್ನ! ಸಾಯೋಗಂಟ ಅದನ್ನೇ ತಿನ್ಸಿದೀನಿ. ಸತ್ತ ಮ್ಯಾಲೂ ಅದೇನಾ? ಹುರಿಗಡ್ಲೆ ಇಡು!"

ಅಳುತ್ತಲೇ ನಗು ಬಂತು. ಮಾತ್ರೆಯನ್ನು ಎತ್ತಿಕೊಂಡು ಎಲೆಯ ತುಂಬ ಹುರಿಗಡಲೆ ಸುರಿದೆ. "ಪ್ರತಿ ವರ್ಷ ನಾನೇ ಇಡ್ತೀನಿ ಅತ್ತೆ. ನಾನಿರೋವರೆಗೆ," ಅಂತ ಹೇಳಿ, ಬಾಗಿಲು ಮುಚ್ಚಿ, ಮಂಚದ ಪಕ್ಕ ನೆಲದ ಮೇಲೆ ಕೂತು ಮಾತ್ರೆ ನುಂಗಿದೆ. ಅತ್ತೆ ಅಂಗೈಗಳನ್ನು ಉಜ್ಜುವ ಸದ್ದು ಕೇಳಿಸಿತು. ಬೆಚ್ಚನೆಯ ಕೈ ನನ್ನ ನೆತ್ತಿಯ ಮೇಲೆ ಬಂತು.

"ಹೊಟ್ಟೆ ದಾಟ್ತು... ಲಿವರ್ ಬುಡ್ತು... ರಕ್ತಕ್ಕೆ ಇಳೀತು..."

ಒಳಗೆ ಕಟುಂ ಕಟುಂ ಶುರುವಾಯಿತು. ನಾನು ಎದ್ದು ನೋಡಲು ಹೋಗಲಿಲ್ಲ.

"ತಲೆಗೆ ಬಂತು ಕಣೇ," ಅಂದರು ಅತ್ತೆ. ಕೈ ಮಾತ್ರ ತೆಗೆಯಲಿಲ್ಲ.