ಬೇವು ಗೆಲ್ಲದಿರಲಿ

ಮುಂಬೈ ಹತ್ತಿರದ ಕಲ್ಯಾಣದ ಕಾಲೇಜೊಂದರ ಲ್ಯಾಬ್‌ನಲ್ಲಿ ನಾನು ಅಸಿಸ್ಟೆಂಟ್. ಎಲೆ, ಬೇರು ಅರೆದು ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡುವ ಜಾಗದಲ್ಲಿ ಫಜೀತಿಗಳಿಗೆ ಬರವಿಲ್ಲ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವ ಫಜೀತಿಗಳೆಲ್ಲ ಒಬ್ಬರೇ ಟೀಚರಿಗೆ ಸಂಬಂಧಪಟ್ಟವು.

೧. ಚಟ್ನಿ

ಧಾರವಾಡ ಕಡೆಯವರು, ಡೊಂಬಿವಲಿಯ ಶಾಲೆಯಲ್ಲಿ ಕೆಲಸ. ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಪ್ರತಿ ಶುಕ್ರವಾರ, ಶನಿವಾರ ನಮ್ಮಲ್ಲಿಗೆ ಬರುತ್ತಿದ್ದರು. ಮೊದಲ ದಿನ ಬೇವಿನೆಲೆ ನುಣ್ಣಗೆ ಅರೆದು ಸ್ಟೀಲ್ ಡಬ್ಬಿಯಲ್ಲಿಟ್ಟು ಕೈ ತೊಳೆಯಲು ಹೋದರು. ಅಷ್ಟರಲ್ಲಿ ನಮ್ಮ ಕ್ಲಾರ್ಕ್ ಅದನ್ನು ವಡಾಪಾವಿಗೆ ಹಚ್ಚಿಕೊಂಡು ತಿಂದೇಬಿಟ್ಟ. ಟೀಚರ್ ಗಾಬರಿಯಾಗಿ ವಿಚಾರಿಸಿದರೆ, "ಚಟ್ನಿ ಠೀಕ್ ಹೈ ಮೇಡಂ, ನಮಕ್ ಥೋಡಾ ಕಮ್ ಹೈ" ಅಂದ. ಉಪ್ಪು ಕಡಿಮೆಯಂತೆ!

೨. ಪ್ರಾರ್ಥನೆ

ಹೀಗಾಗಿ ಆ ವಾರ ಪರೀಕ್ಷೆಯೇ ನಡೆಯದೆ ಅವರು ಮುಂದಿನ ವಾರ ಮತ್ತೆ ಬರಬೇಕಾಯಿತು. ಅವರನ್ನು ನೋಡದೆ ಇಷ್ಟು ದಿನ ಕಳೆಯುವುದು ಕಷ್ಟವೆಂದು ನನಗೆ ಆಗಲೇ ಗೊತ್ತಾದದ್ದು. ಮನೆಗೆ ಹೋಗುವಾಗ ಇಬ್ಬರದೂ ಒಂದೇ ಲೋಕಲ್. ಅವರು ಲೇಡೀಸ್ ಡಬ್ಬ, ನಾನು ಜನರಲ್. ಡೊಂಬಿವಲಿಯಲ್ಲಿ ಇಳಿದು ಹೋಗುವ ಅವರನ್ನು ಬಾಗಿಲಿನಿಂದ ನೋಡಿ, ಆಮೇಲೆ ಠಾಣೆಯವರೆಗೆ ಸುಮ್ಮನೆ ನೇತಾಡುತ್ತಿದ್ದೆ.

ಪರೀಕ್ಷೆ ಸರಳ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಬೇವಿನ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುವುದು. ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಂಡರೆ ಬೇವು ಗೆದ್ದಂತೆ. ಗೆದ್ದರೆ ಪ್ರಾಜೆಕ್ಟ್ ಮುಗಿಯುತ್ತದೆ, ಟೀಚರ್ ಬರುವುದೂ ನಿಲ್ಲುತ್ತದೆ.

ಆ ಶುಕ್ರವಾರ ರಾತ್ರಿ ಠಾಣೆಯ ಕೋಪರಿಯ ನಮ್ಮ ಮನೆಯಲ್ಲಿ ಅಮ್ಮ ದೀಪ ಹಚ್ಚಿ, ಯಾರಿಗೂ ಕಾಯಿಲೆ ಬಾರದಿರಲಿ ಎಂದು ಬೇಡಿಕೊಂಡರು. ಪಕ್ಕದಲ್ಲೇ ಕೈಮುಗಿದು ನಿಂತು ನಾನು, ಬ್ಯಾಕ್ಟೀರಿಯಾ ಚೆನ್ನಾಗಿರಲಿ ಎಂದು ಬೇಡಿಕೊಂಡೆ. ಮರುದಿನ ವೃತ್ತ ಬರಲಿಲ್ಲ. ಟೀಚರ್ ಎದುರು "ಛೆ ಛೆ" ಎಂದವನು ಹಾಡಿಕೊಂಡು ಮನೆಗೆ ಬಂದೆ.

"ಎಂತ ಮಾರಾಯ, ಇಷ್ಟು ಖುಷಿ?"

"ಬೇವು ಕೆಲಸ ಮಾಡ್ಲಿಲ್ಲ ಅಮ್ಮ."

ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು.

೩. ಹದಿನೆಂಟು ಮಿಲಿಮೀಟರು

ನೀರಿಗಿಂತ ಸ್ಪಿರಿಟ್‌ನಲ್ಲಿ ನೆನೆಸಿದರೆ ಬೇವಿನ ಸತ್ವ ಹೆಚ್ಚು ಇಳಿಯುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೆ. ಆದರೆ ಮೂರನೇ ವಾರವೂ ಏನೂ ಕಾಣದೆ ಅವರ ಕಣ್ಣು ತುಂಬಿತು. ನೋಡಲಾಗದೆ ಹೇಳಿಬಿಟ್ಟೆ. ನಾಲ್ಕನೇ ವಾರ ಬಿಲ್ಲೆಯ ಸುತ್ತ ಹದಿನೆಂಟು ಮಿಲಿಮೀಟರಿನ ವೃತ್ತ! ಅವರು ಕುಣಿದಾಡಿದರು. ಆ ಅಳತೆ ಬರೆಯಲು ನನಗೆ ಕೈಯೇ ಬರಲಿಲ್ಲ.

"ಇನ್ನ ನಿಮಗ ನನ್ನ ತ್ರಾಸ ಇಲ್ಲ ನೋಡ್ರಿ, ಸರ್," ಎಂದು ಬ್ಯಾಗ್ ಎತ್ತಿಕೊಂಡರು.

"ಮೇಡಂ, ತುಳಸಿ ಉಂಟಲ್ಲ?" ನಾನು ಹಿಂದೆಯೇ ಓಡಿದೆ. "ದೊಡ್ಡಪತ್ರೆ, ಒಂದೆಲಗ, ಅರಿಶಿನ, ನೆಲನೆಲ್ಲಿ, ಪೇರಳೆ ಎಲೆ..."

ಅವರು ಬಾಗಿಲಲ್ಲೇ ನಿಂತು ನಕ್ಕರು. "ಅಷ್ಟೆಲ್ಲಾ ಟೆಸ್ಟ್ ಮಾಡಾಕ ಒಂದು ಜನ್ಮನ ಬೇಕಾಗ್ತದ್ರಿ!"

"ನನಗೇನೂ ಅಡ್ಡಿಯಿಲ್ಲ," ಅಂದೆ.